ಸುಟ್ಟ ಬಾಗಿಲು, ಎಳೆಯುವ ತೇರು

ಬೇಲೂರು ಚನ್ನಕೇಶವನ ತೇರು ಎಳೆಯುವ ಮುನ್ನ ಮೌಲ್ವಿಯೊಬ್ಬರು ಕುರಾನ್ ಪಠಿಸುತ್ತಾರೆ. ತಲೆಮಾರುಗಳಿಂದ ನಡೆದುಬಂದ ಈ ಪದ್ಧತಿಗೆ 2022ರಲ್ಲಿ ಆಕ್ಷೇಪ ಎದ್ದಿತು. ರಾಜ್ಯದ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಬ್ಯಾನರ್‌ಗಳು ಕಾಣಿಸಿಕೊಂಡ ವರ್ಷವದು. 2023ರಲ್ಲಿ ಬೇಲೂರಿನಲ್ಲಿ ಪ್ರತಿಭಟನೆಯೇ ನಡೆಯಿತು. ಅಂಥ ಹೊತ್ತಿನಲ್ಲಿ ಸುದ್ದಿವಾಹಿನಿಯ ಕ್ಯಾಮೆರಾ ಘೋಷಣೆ ಕೂಗುವವರ ಕಡೆಗೇ ತಿರುಗುತ್ತದೆ. ಸಾಕ್ಷ್ಯಚಿತ್ರಕಾರರ ಕೆಲಸ ಶುರುವಾಗುವುದು ಗದ್ದಲ ಅಡಗಿದ ಮೇಲೆ.

ಆನಂದ್ ಪಟವರ್ಧನ್ ಅವರ ‘ರಾಮ್ ಕೆ ನಾಮ್’ ನೋಡಿ. 1990ರ ರಥಯಾತ್ರೆಯ ಬೆನ್ನು ಹತ್ತಿದ ಅವರು, ಅಯೋಧ್ಯೆಯಲ್ಲಿ ಕೋರ್ಟ್ ನೇಮಿಸಿದ್ದ ಅರ್ಚಕ ಲಾಲ್‌ದಾಸ್ ಎದುರು ತಾಳ್ಮೆಯಿಂದ ಕೂತರು. ಮಂದಿರದ ಹೆಸರಿನ ರಾಜಕೀಯವನ್ನು ಆ ಅರ್ಚಕರು ಅಳುಕಿಲ್ಲದೆ ಟೀಕಿಸಿದರು. 1993ರಲ್ಲಿ ಅವರ ಕೊಲೆಯಾಯಿತು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದರೂ ದೂರದರ್ಶನದಲ್ಲಿ ತೋರಿಸಲು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ನಮ್ಮಲ್ಲಿ ಕವಿತಾ ಲಂಕೇಶ್, 2017ರ ಸೆಪ್ಟೆಂಬರ್ 5ರಂದು ಗುಂಡಿಗೆ ಬಲಿಯಾದ ಪತ್ರಕರ್ತೆ ಅಕ್ಕನ ಬಗ್ಗೆ ‘ಗೌರಿ’ ಚಿತ್ರ ಮಾಡಿದರು. ಬೇಲೂರಿಗೆ ದೂರವಲ್ಲದ ಬಾಬಾಬುಡನ್‌ಗಿರಿಯ ಸೌಹಾರ್ದ ಹೋರಾಟದಲ್ಲಿ ಗೌರಿ ಮುಂಚೂಣಿಯಲ್ಲಿದ್ದವರು.

ಬೇಲೂರಿನ ತೇರಿನ ಬಗ್ಗೆ ನಾನು ನೋಡಬಯಸುವ ಚಿತ್ರ ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದು, ಜಾವಗಲ್ ದಾಟಿ ಹಳೇಬೀಡಿಗೆ ಬರಬೇಕು. 1311ರಲ್ಲಿ ದೆಹಲಿ ಸುಲ್ತಾನರ ದಂಡನಾಯಕ ಮಲಿಕ್ ಕಾಫೂರ್‌ನ ಸೈನ್ಯ ದಾಳಿಯಿಟ್ಟ ಹೊಯ್ಸಳ ರಾಜಧಾನಿ ಅದು. ಇದನ್ನು ಚಿತ್ರ ಮುಚ್ಚಿಡಬಾರದು. ಸೌಹಾರ್ದದ ಮಾತಾಡುವವರು ಹಳೆಯ ಹಿಂಸೆಯ ಬಗ್ಗೆ ಬಾಯಿ ಬಿಡದಿದ್ದರೆ, ಅದನ್ನು ದ್ವೇಷದ ವಿಡಿಯೋ ಹಂಚುವವರ ಕೈಗೇ ಕೊಟ್ಟಂತೆ.

ಬೇಲೂರಿನಲ್ಲಂತೂ ಆ ಹಿಂಸೆಯ ಗುರುತು ಕಣ್ಣೆದುರೇ ಇದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದ ಮಹಾದ್ವಾರವನ್ನು ಕಲಬುರ್ಗಿಯಿಂದ ಬಂದ ಗಂಗ ಸಾಲಾರ್ ಸುಟ್ಟ. ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಅದನ್ನು ಗೋಪುರ ಸಮೇತ ಮತ್ತೆ ಕಟ್ಟಿಸಿದ. ಈಗಲೂ ಭಕ್ತರು ಒಳಹೋಗುವುದು ಆ ಬಾಗಿಲಿನಿಂದಲೇ. ಬೆಂಕಿ ಕಂಡ ಆ ಊರೇ ಮುಂದೊಂದು ದಿನ ತನ್ನ ದೇವರ ತೇರಿನ ಹೊತ್ತಿಗೆ ಕುರಾನ್ ಪಠಣಕ್ಕೂ ಜಾಗ ಕೊಟ್ಟಿತು! ಯಾವ ಒತ್ತಾಯಕ್ಕೆ, ಯಾವ ಹರಕೆಗೆ, ಯಾವ ನೆರೆಹೊರೆಯ ಸಲಿಗೆಗೆ?

ಅರ್ಚಕರನ್ನು ಕೇಳಿ. ಮೌಲ್ವಿಯ ಮನೆಯವರನ್ನು, ಬೆಂಡು ಬತ್ತಾಸು ಮಾರುವವರನ್ನು ಕೇಳಿ. ಪಠಣ ಬೇಡವೆಂದು ಬೀದಿಗಿಳಿದ ಹುಡುಗರ ಮನೆಗೂ ಹೋಗಿ. ಪಠಣ ಮುಗಿಯುವವರೆಗೆ ಕಾದು ತೇರಿನ ಮಿಣಿ ಹಿಡಿದ ಅಜ್ಜಂದಿರು ಅಲ್ಲೂ ಇದ್ದಾರು. ಅಜ್ಜ, ಮೊಮ್ಮಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಮಾತಿನ ನಡುವೆ ಬಾಯಿ ಹಾಕದೆ ಚಿತ್ರಿಸಿ.