ಟ್ರೇಯಲ್ಲಿ ಲೆಟ್ಯೂಸ್: ಟೊಮೇಟೊ ಕಲಿಸಿದ ತಪ್ಪುಗಳು

ದೊಡ್ಡಬಳ್ಳಾಪುರದ ಕಡೆ ನಮ್ಮ ತೋಟದ ಪಕ್ಕದವರು ಮೂವತ್ತು ವರ್ಷದಿಂದ ಟೊಮೇಟೊ ಬೆಳೆದವರು. ಸಸಿ ಎಬ್ಬಿಸುವುದರಲ್ಲಿ ಅವರ ಕೈ ಪಳಗಿದೆ. ಬೆಂಗಳೂರಿನ ಹೋಟೆಲುಗಳಿಗೆ ಸೊಪ್ಪು ಒದಗಿಸುವ ವ್ಯಾಪಾರಿಯೊಬ್ಬರು ಕೇಳಿದರೆಂದು ಒಂದು ಏಪ್ರಿಲ್‌ನಲ್ಲಿ ಅವರು ಲೆಟ್ಯೂಸ್ ಬೀಜ ತಂದರು. 98 ಗುಂಡಿಯ ಪ್ರೊಟ್ರೇಗಳಿಗೆ ಕೊಕೊಪೀಟ್ ತುಂಬಿ, ಬೆರಳ ತುದಿಯಿಂದ ಗುಳಿ ಒತ್ತಿ, ಒಂದೊಂದು ಬೀಜ ಹಾಕಿ ಮುಚ್ಚಿದರು. ಟೊಮೇಟೊಗೆ ಮಾಡುವಂತೆಯೇ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಆರನೇ ದಿನ ಹಾಳೆ ತೆಗೆದು ನೋಡಿದರೆ ಒಂದು ಟ್ರೇಗೆ ಏಳೆಂಟು ಮೊಳಕೆಯೂ ಇಲ್ಲ.

"ಬೀಜ ಜೊಳ್ಳು ಕಣಣ್ಣ, ದುಡ್ಡು ಹೋಯ್ತು" ಎಂದು ಮಿಕ್ಕ ಪೊಟ್ಟಣವನ್ನು ನನ್ನ ಕೈಗಿಟ್ಟರು. ನಾನು ಅದನ್ನು ಒದ್ದೆ ಕಾಗದದ ಮೇಲೆ ಹರಡಿ, ಡಬ್ಬಿಯಲ್ಲಿ ಹಾಕಿ, ಎರಡು ದಿನ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟೆ. ಆಮೇಲೆ ಮನೆಯೊಳಗೆ ತಂಪಾದ ಕಿಟಕಿಯ ಬಳಿ ತೆರೆದಿಟ್ಟೆ. ಐದನೇ ದಿನಕ್ಕೆ ಬಹುಪಾಲು ಬೀಜ ಬಿಳಿ ಬೇರು ಚಾಚಿದ್ದವು. ಬೀಜ ಗಟ್ಟಿಯಾಗಿಯೇ ಇತ್ತು. ಅವರನ್ನು ಸೋಲಿಸಿದ್ದು ಟೊಮೇಟೊ ಕಲಿಸಿಕೊಟ್ಟ ಪಾಠ. ಲೆಟ್ಯೂಸ್ ಸಸಿಯ ಬಗ್ಗೆ ನಮ್ಮಲ್ಲಿ ಓಡಾಡುವ ಬಹುತೇಕ ತಪ್ಪು ನಂಬಿಕೆಗಳ ಮೂಲವೂ ಇದೇ ಎಂದು ನನಗನ್ನಿಸುತ್ತದೆ.

"ಬೆಚ್ಚಗಿಟ್ಟರೆ ಬೇಗ ಹುಟ್ಟುತ್ತದೆ"

ಟೊಮೇಟೊ, ಮೆಣಸಿನಕಾಯಿ, ಬದನೆಯ ಮಟ್ಟಿಗೆ ಈ ಮಾತು ಸರಿ. ಲೆಟ್ಯೂಸ್‌ಗೆ ಇದು ಪೂರ್ತಿ ತಿರುಗುಮುರುಗು. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಈ ಬೀಜ ಎರಡು ಮೂರು ದಿನಕ್ಕೆ ಮೊಳೆಯುತ್ತದೆ. 5 ಡಿಗ್ರಿಯ ಕೊರೆಯುವ ಚಳಿಯಲ್ಲೂ ಹದಿನೈದು ದಿನ ತೆಗೆದುಕೊಂಡಾದರೂ ಹುಟ್ಟುತ್ತದೆ. ತಾಪ 28-30 ಡಿಗ್ರಿ ದಾಟಿತೆಂದರೆ ಹಲವು ತಳಿಗಳು ಮೊಂಡು ಹಿಡಿಯುತ್ತವೆ. 35ರ ಹೊತ್ತಿಗೆ ಬಹುತೇಕ ಎಲ್ಲವೂ ನಿಂತೇ ಹೋಗುತ್ತವೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಹಗಲಿನ ಸರಾಸರಿ ಗರಿಷ್ಠ ತಾಪವೇ 34 ಡಿಗ್ರಿಯ ಹತ್ತಿರ. ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಒಳಗಿನ ಕಾವು ಎಷ್ಟಿರಬಹುದು, ಯೋಚಿಸಿ.

ಬೀಜ ಸತ್ತಿರುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಲೆಟ್ಯೂಸ್ ಬೀಜದೊಳಗಿನ ಭ್ರೂಣವನ್ನು ತೆಳುವಾದರೂ ಗಟ್ಟಿಯಾದ ಒಂದು ಪದರ ಸುತ್ತುವರಿದಿರುತ್ತದೆ. ಬೇರು ಹೊರಬರಬೇಕಾದರೆ ಆ ಪದರ ಮೆತ್ತಗಾಗಬೇಕು. ಕಾವು ಹೆಚ್ಚಿದಾಗ ಅದು ಮೆತ್ತಗಾಗುವುದು ತಡೆಯಾಗುತ್ತದೆ. ಈ ಗಿಡದ ಕಾಡು ಪೂರ್ವಜರು ಬೇಸಗೆ ಒಣಗಿ ಸುಡುವ ಸೀಮೆಯಲ್ಲಿ ಬಾಳಿದಂಥವು. ಬೇಸಗೆಯ ಅಡ್ಡಮಳೆಗೆ ಮೊಳೆತುಬಿಟ್ಟರೆ ಮುಂದಿನ ವಾರದ ಬಿಸಿಲಿಗೆ ಸಾವು ಖಚಿತ. ಆದ್ದರಿಂದ ತಂಪು ಬರುವವರೆಗೆ ಕಾಯುವುದು ಅದಕ್ಕೆ ಹುಟ್ಟಿನಿಂದ ಬಂದ ಬುದ್ಧಿ. ಆದರೆ ನೆನೆದ ಬೀಜವನ್ನು ಬಹಳ ದಿನ ಬಿಸಿಯಲ್ಲೇ ಇಟ್ಟರೆ ಅದು ಇನ್ನೂ ಆಳವಾದ ನಿದ್ದೆಗೆ ಜಾರುತ್ತದೆ, ಆಮೇಲೆ ತಂಪು ಕೊಟ್ಟರೂ ಸುಲಭಕ್ಕೆ ಏಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನೀರು ಹೀರಿಕೊಂಡ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಅದಕ್ಕೇ ಬೆಳಿಗ್ಗೆ ಬಿತ್ತಬೇಡಿ. ಸಂಜೆ ಐದರ ಮೇಲೆ ಬಿತ್ತಿ ನೀರು ಕೊಟ್ಟರೆ ಇಡೀ ರಾತ್ರಿಯ ತಂಪು ಬೀಜಕ್ಕೆ ಸಿಗುತ್ತದೆ. ಟ್ರೇಗಳನ್ನು ಪೇರಿಸಿ ಮುಚ್ಚುವುದನ್ನು ಬಿಟ್ಟು, ಗಾಳಿಯಾಡುವ ನೆರಳಿನಲ್ಲಿ ಹರಡಿಡಿ. ಖರ್ಚಿಲ್ಲದ ಈ ಎರಡು ಬದಲಾವಣೆಗಳೇ ಬೇಸಗೆಯಲ್ಲಿ ಅರ್ಧ ಸಮಸ್ಯೆ ನೀಗಿಸುತ್ತವೆ. ಅಮೆರಿಕದ ಆರಿಜೋನಾ ರಾಜ್ಯದ ಯೂಮಾ ಎಂಬಲ್ಲಿ, ಮರುಭೂಮಿಯ ನಡುವೆ, ಚಳಿಗಾಲದ ಮಾರುಕಟ್ಟೆಗಾಗಿ ಬೇಸಗೆಯ ಕೊನೆಯಲ್ಲೇ ಲೆಟ್ಯೂಸ್ ಬಿತ್ತುತ್ತಾರೆ. ಅಲ್ಲಿ ತುಂತುರು ನೀರಾವರಿಯ ಮೊದಲ ಕೆಲಸ ಮಣ್ಣನ್ನು ತಣಿಸುವುದು.

"ಬೀಜವನ್ನು ಚೆನ್ನಾಗಿ ಮುಚ್ಚಬೇಕು"

ಅವರೆ ಊರಿದ ಕೈಗೆ ಬೀಜ ಕಾಣುವಂತಿದ್ದರೆ ಸಮಾಧಾನವಿಲ್ಲ. ಇರುವೆ ಒಯ್ಯುತ್ತದೆ, ಒಣಗುತ್ತದೆ ಎಂಬ ಭಯ. ಆದರೆ ಒಂದು ಗ್ರಾಂ ಲೆಟ್ಯೂಸ್‌ನಲ್ಲಿ ಸುಮಾರು 800ರಿಂದ 1000 ಬೀಜಗಳಿರುತ್ತವೆ. ಅಷ್ಟು ಸಣ್ಣ ಬೀಜದ ಒಳಗಿರುವ ಬುತ್ತಿ ಎಷ್ಟು? ಒಂದು ಅಂಗುಲ ಆಳದಿಂದ ಮೇಲೆ ಬರುವಷ್ಟರಲ್ಲಿ ಅದು ಖಾಲಿ.

ಆಳದ ಜೊತೆಗೆ ಬೆಳಕಿನ ಮಾತೂ ಇದೆ. ಈ ಪುಟ್ಟ ಬೀಜಕ್ಕೆ ಸಸ್ಯವಿಜ್ಞಾನದಲ್ಲಿ ದೊಡ್ಡ ಗೌರವ ತಂದುಕೊಟ್ಟದ್ದೂ ಅದೇ. 1952ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು 'ಗ್ರ್ಯಾಂಡ್ ರ್ಯಾಪಿಡ್ಸ್' ಎಂಬ ಲೆಟ್ಯೂಸ್ ತಳಿಯ ಬೀಜಗಳನ್ನು ನೆನೆಸಿ, ಕತ್ತಲಲ್ಲಿಟ್ಟು, ಸ್ವಲ್ಪ ಹೊತ್ತು ಕೆಂಪು ಬೆಳಕು ತೋರಿಸಿದರು. ನೂರಕ್ಕೆ 70 ಮೊಳೆತವು. ಕೆಂಪಿನ ನಂತರ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದಷ್ಟು ಗಾಢವಾದ ದೂರಕೆಂಪು ಬೆಳಕು ತೋರಿಸಿದರೆ ಕೇವಲ 6. ಅದರ ಮೇಲೆ ಮತ್ತೆ ಕೆಂಪು ತೋರಿಸಿದರೆ 74! ಹೀಗೆ ಎಷ್ಟು ಸಲ ಬದಲಾಯಿಸಿದರೂ ಕೊನೆಯಲ್ಲಿ ಬಿದ್ದ ಬೆಳಕು ಯಾವುದೋ ಅದರದೇ ತೀರ್ಮಾನ. ಬೀಜದೊಳಗೆ ಬೆಳಕಿನ ಸ್ವಿಚ್ಚಿನಂಥ ಒಂದು ವರ್ಣದ್ರವ್ಯ ಇರಲೇಬೇಕೆಂದು ಅವರು ತರ್ಕಿಸಿದರು. 1959ರಲ್ಲಿ ಅದೇ ಕೇಂದ್ರದವರು ಅದನ್ನು ಸಸ್ಯದ ಅಂಗಾಂಶದಲ್ಲಿ ಪತ್ತೆಹಚ್ಚಿದರು. ಇಂದು ಅದನ್ನು ಫೈಟೋಕ್ರೋಮ್ ಎನ್ನುತ್ತೇವೆ. ಸೇವಂತಿಗೆ ತೋಟಗಳಲ್ಲಿ ರಾತ್ರಿ ದೀಪ ಹಾಕಿ ಹೂವನ್ನು ತಡಮಾಡುವುದರ ಹಿಂದಿರುವುದೂ ಇದೇ ಫೈಟೋಕ್ರೋಮ್. ಸೇವಂತಿಗೆ ಲೆಟ್ಯೂಸ್‌ನ ಕುಟುಂಬದ್ದೇ ಗಿಡ ಎಂಬುದನ್ನು ನೆನೆದರೆ ನನಗೆ ಪ್ರತಿಸಲವೂ ಖುಷಿಯಾಗುತ್ತದೆ.

ಈ ಸ್ವಿಚ್ಚಿನಿಂದ ಬೀಜಕ್ಕೇನು ಲಾಭ? ಹಸಿರೆಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ದೂರಕೆಂಪನ್ನು ಕೆಳಗೆ ಬಿಡುತ್ತವೆ. ಬೇರೆ ಗಿಡದ ಅಡಿಯಲ್ಲಿ ಬಿದ್ದಿರುವ ಬೀಜಕ್ಕೆ 'ಮೇಲೆ ಜಾಗವಿಲ್ಲ, ಈಗ ಏಳಬೇಡ' ಎಂಬ ಸೂಚನೆ ಹೀಗೆ ಸಿಗುತ್ತದೆ. ಮಣ್ಣಿನೊಳಗಂತೂ ಕೆಲವು ಮಿಲಿಮೀಟರ್ ಕೆಳಗೆ ಬೆಳಕೇ ಇಳಿಯುವುದಿಲ್ಲ.

ಇಂದಿನ ಹಲವು ತಳಿಗಳು ಕತ್ತಲಲ್ಲೂ ಮೊಳೆಯುತ್ತವೆ ಎಂಬುದನ್ನೂ ಹೇಳಬೇಕು, ಇಲ್ಲವಾದರೆ ಒಂದು ತಪ್ಪು ಕಲ್ಪನೆಯ ಜಾಗದಲ್ಲಿ ಇನ್ನೊಂದನ್ನು ನೆಟ್ಟಂತಾಗುತ್ತದೆ. ಆದರೆ ಕಾವು ಏರಿದಂತೆ ಬೆಳಕಿನ ಬೇಡಿಕೆಯೂ ಏರುತ್ತದೆ. ತಂಪಿನಲ್ಲಿ ಕತ್ತಲನ್ನು ಸಹಿಸಿದ ಬೀಜವೇ ಬಿಸಿಯಲ್ಲಿ ಬೆಳಕು ಬೇಕೆನ್ನುತ್ತದೆ. ಪಕ್ಕದವರ ಟ್ರೇಗಳಲ್ಲಿ ಕಾವು, ಕತ್ತಲು ಎರಡೂ ಒಟ್ಟಿಗೇ ಸೇರಿದ್ದವು. ಬೀಜವನ್ನು ಮೇಲ್ಮೈ ಮೇಲೆ ಇಟ್ಟು ಮೆಲ್ಲಗೆ ಒತ್ತಿ, ಎರಡು ಮೂರು ಮಿಲಿಮೀಟರಿನಷ್ಟು ವರ್ಮಿಕ್ಯುಲೈಟನ್ನೋ ಜರಡಿ ಹಿಡಿದ ಕೊಕೊಪೀಟನ್ನೋ ಉದುರಿಸಿದರೆ ಸಾಕು. ಹುಟ್ಟುವವರೆಗೆ ಮೇಲ್ಮೈ ಒಣಗದಂತೆ ಮಂಜಿನ ಹಾಗೆ ನೀರು ಚಿಮುಕಿಸಬೇಕು. ಕೈಹಿಡಿತ ಸಾಲದವರಿಗೆ ಜೇಡಿಯ ಲೇಪ ಕೊಟ್ಟು ಉಂಡೆ ಮಾಡಿದ ಬೀಜ ಸಿಗುತ್ತದೆ. ಅದಕ್ಕೂ ಇದೇ ಆಳ.

"ಪರದೇಶದ ನಾಜೂಕು ಗಿಡ, ನಮ್ಮ ನೆಲಕ್ಕಲ್ಲ"

ಉತ್ತರ ಕರ್ನಾಟಕದವರು ಇದನ್ನು ಒಪ್ಪುವುದು ಕಷ್ಟ. ಜೋಳದ ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿಯನ್ನು ತೊಳೆದು, ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುವವರು ಅವರು. ಹಕ್ಕರಕಿ ಇದೇ ಬಳಗದ ಸೊಪ್ಪು. ಹಕ್ಕರಕಿಯಂತೆಯೇ ಲೆಟ್ಯೂಸ್‌ನ ದಂಟು ಮುರಿದರೂ ಹಾಲು ಒಸರುತ್ತದೆ. ಲ್ಯಾಟಿನ್ ಹೆಸರು ಲ್ಯಾಕ್ಟುಕಾ ಬಂದಿರುವುದೂ ಹಾಲು ಎಂಬ ಪದದಿಂದ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಬೆಂಗಳೂರು, ಚಿಕ್ಕಬಳ್ಳಾಪುರದ ಹವೆ ಇದಕ್ಕೆ ಹೇಳಿ ಮಾಡಿಸಿದಂತಿದೆ.

"ಕೊಕೊಪೀಟ್ ಇದ್ದಮೇಲೆ ಗೊಬ್ಬರ ಏಕೆ?"

ಕೊಕೊಪೀಟ್ ನೀರು ಹಿಡಿಯುವ ಹಾಸಿಗೆ, ಊಟವಲ್ಲ. ಬೀಜದ ಬುತ್ತಿ ಮುಗಿದು ಮೊದಲ ನಿಜವಾದ ಎಲೆ ಬರುವ ಹೊತ್ತಿಗೆ ಸಸಿಗೆ ಹಸಿವು ಶುರು. ಎರಡನೇ ವಾರದಲ್ಲಿ ಬೀಜದೆಲೆ ಹಳದಿಗೆ ತಿರುಗಿ ಸಸಿ ಇದ್ದಲ್ಲೇ ನಿಂತರೆ ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರನ್ನು ಕಂಡಿದ್ದೇನೆ. ನಾನು ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂನಂತೆ ವಾರಕ್ಕೆರಡು ಸಲ ಕೊಡುತ್ತೇನೆ.

ಇದಕ್ಕಿಂತ ಹೆಚ್ಚು ಕಾಡುವುದು ಉಪ್ಪು. ತೊಳೆಯದ ಕೊಕೊಪೀಟಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುತ್ತವೆ. ಅದಕ್ಕೆ ನಮ್ಮ ಬಯಲುಸೀಮೆಯ ಆಳದ ಬೋರ್‌ವೆಲ್ಲಿನ ನೀರು ಸೇರಿದರೆ ಕೇಳಬೇಕೆ? ಮಣ್ಣಿನ ಉಪ್ಪನ್ನು ಅಳೆಯುವ ಇ.ಸಿ. ಅಂಕಿ 2.5 ದಾಟುವವರೆಗೆ ಟೊಮೇಟೊ ಇಳುವರಿ ಕುಗ್ಗುವುದಿಲ್ಲ, ಲೆಟ್ಯೂಸ್ 1.3ಕ್ಕೇ ಸೊರಗತೊಡಗುತ್ತದೆ. ಎಲೆಯ ಅಂಚು ಸುಟ್ಟಂತೆ ಕಂಡರೆ ಮೊದಲು ನೀರನ್ನು ಪರೀಕ್ಷೆಗೆ ಕೊಡಿ. ಕೂಡಿಟ್ಟ ಮಳೆನೀರು ಇದ್ದರೆ ಅದನ್ನು ಸಸಿಗೇ ಮೀಸಲಿಡಿ.

"ಸಸಿ ಮಲಗಿತು, ನೀರು ಹಾಕು"

ಬಾಡಿ ಮಲಗುವುದಕ್ಕೂ ಬುಡ ಕೊಳೆತು ಮಲಗುವುದಕ್ಕೂ ವ್ಯತ್ಯಾಸವಿದೆ. ಬಾಡಿದ ಸಸಿಯ ಕುತ್ತಿಗೆ ಗಟ್ಟಿಯಾಗಿರುತ್ತದೆ, ಎಲೆ ಜೋತಿರುತ್ತದೆ. ಕೊಳೆತ ಸಸಿಯಲ್ಲಿ ಎಲೆ ಇನ್ನೂ ಹಸಿರಾಗಿರುವಾಗಲೇ ಕಾಂಡ ಮಣ್ಣಿಗೆ ತಾಗುವ ಕಡೆ ನೀರು ಕುಡಿದ ದಾರದಂತೆ ಸಣ್ಣಗಾಗಿ ಮುರಿದು ಬೀಳುತ್ತದೆ. ಇದು ಸಸಿ ಸಾಯುವ ರೋಗ. ಇದಕ್ಕೆ ಕಾರಣವಾಗುವ ಪೈಥಿಯಂನ ಬೀಜಾಣುಗಳು ಅಕ್ಷರಶಃ ನೀರಿನಲ್ಲಿ ಈಜಿಕೊಂಡು ಪಕ್ಕದ ಬೇರಿಗೆ ಹೋಗುತ್ತವೆ. ಮಲಗಿದ್ದನ್ನು ಕಂಡು ಮತ್ತೆ ನೀರು ಸುರಿದರೆ ಅದಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಬೆಳಿಗ್ಗೆ ನೀರು ಕೊಟ್ಟು ಸಂಜೆಯ ಹೊತ್ತಿಗೆ ಮೇಲ್ಮೈ ಆರುವಂತೆ ನೋಡಿಕೊಳ್ಳಬೇಕು. ಹಳೆಯ ಟ್ರೇಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ತೊಳೆದು ಒಣಗಿಸದೆ ಮತ್ತೆ ಬಳಸಬಾರದು. ಟ್ರೇಗಳನ್ನು ನೆಲದ ಮೇಲಿಡದೆ ಕಂಬಿಯ ಅಟ್ಟದ ಮೇಲಿಟ್ಟರೆ ಕೆಳಗಿನಿಂದಲೂ ಗಾಳಿಯಾಡುತ್ತದೆ.

ನೀಳವಾಗಿ ಎದ್ದ ಸಸಿಯನ್ನು ಕಂಡು 'ಚೆನ್ನಾಗಿ ಬೆಳೆದಿದೆ' ಎಂದು ಹಿಗ್ಗುವುದೂ ಇಂಥದೇ ತಪ್ಪು. ಅದು ಬೆಳಕಿಗೆ ಹಂಬಲಿಸಿ ಚಾಚಿಕೊಂಡ ಕುತ್ತಿಗೆ. ಹುಟ್ಟುವವರೆಗೆ ಬೇಕಾದ ನೆರಳು ಹುಟ್ಟಿದ ಮರುದಿನದಿಂದ ಹೊರೆ. ಚಳಿಗಾಲದ ಮೋಡದ ದಿನಗಳಲ್ಲಿ ಶೇಕಡಾ 50ರ ನೆರಳುಪರದೆಯನ್ನು ಬೆಳಗಿನ ಹೊತ್ತು ಸರಿಸಿಬಿಡಿ.

"ತಾಯಿಬೇರಿನ ಗಿಡ, ಕಿತ್ತು ನೆಟ್ಟರೆ ಕಹಿಯಾಗುತ್ತದೆ"

ಲೆಟ್ಯೂಸ್‌ಗೆ ತಾಯಿಬೇರು ಇರುವುದು ನಿಜ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಹೆಚ್ಚಿನ ಲೆಟ್ಯೂಸನ್ನು ನೇರವಾಗಿ ಹೊಲಕ್ಕೇ ಬಿತ್ತಿ ಆಮೇಲೆ ತೆಳುಗೊಳಿಸುತ್ತಾರೆ ಎಂಬುದೂ ನಿಜ. ಆದರೆ ಟ್ರೇಯ ಗುಂಡಿಯಲ್ಲಿ ತಾಯಿಬೇರು ತಳದ ರಂಧ್ರಕ್ಕೆ ಬಂದು ಗಾಳಿ ತಾಗಿದೊಡನೆ ತುದಿ ಒಣಗಿ ನಿಲ್ಲುತ್ತದೆ, ಪಕ್ಕದ ಬೇರುಗಳು ಒತ್ತಾಗಿ ಹೊರಡುತ್ತವೆ. ಬೇರಿನ ಮುದ್ದೆ ಮುರಿಯದಂತೆ ಎತ್ತಿ ನೆಟ್ಟರೆ ಗಿಡ ನಾಲ್ಕೈದು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಒಟ್ಲು ಪಾತಿಯಿಂದ ಬೇರು ಕಿತ್ತು ನೆಟ್ಟಾಗ ಆಗುವ ಪೆಟ್ಟು ಇಲ್ಲಿಲ್ಲ. ಇನ್ನು ಕಹಿ ಎಂಬುದು ಹಾಲಿನಲ್ಲಿರುವ ಲ್ಯಾಕ್ಟುಸಿನ್ ಮತ್ತು ಅದರ ಬಳಗದ ವಸ್ತುಗಳದ್ದು. ಹಗಲು ಉದ್ದವಾಗಿ ಬಿಸಿಲು ಏರಿ ಗಿಡ ಹೂದಂಟು ಎತ್ತಲು ಹೊರಟಾಗ ಅದು ಹೆಚ್ಚುತ್ತದೆ. ನಾಟಿಯ ಮೇಲೆ ಆ ಗೂಬೆ ಕೂರಿಸುವುದು ತಪ್ಪು.

"ಸಸಿ ಬಲಿತಷ್ಟೂ ಒಳ್ಳೆಯದು"

ಹಾವೇರಿ ಕಡೆಯ ಗುಳಿ ರಾಗಿಯಲ್ಲಿ 20-25 ದಿನದ ಪೈರು ನೆಡುತ್ತಾರೆ. ಶ್ರೀ ಪದ್ಧತಿಯ ಭತ್ತದಲ್ಲಿ 8-12 ದಿನದ ಎಳೆ ಸಸಿಯನ್ನೇ ನೆಡುತ್ತಾರೆ. ಎಳೆಯದರಲ್ಲಿ ಚೇತರಿಸಿಕೊಳ್ಳುವ ಕಸುವು ಹೆಚ್ಚೆಂದು ನಮ್ಮ ರೈತರಿಗೆ ಗೊತ್ತಿಲ್ಲದೆ ಇಲ್ಲ. ಲೆಟ್ಯೂಸ್ ಮೂರರಿಂದ ನಾಲ್ಕು ವಾರದೊಳಗೆ, ನಾಲ್ಕೈದು ಎಲೆ ಬಂದಾಗ ನಾಟಿಗೆ ಸಿದ್ಧ. ಸಸಿಯನ್ನು ಮೆಲ್ಲಗೆ ಎಳೆದರೆ ಮುದ್ದೆ ಇಡಿಯಾಗಿ ಬರಬೇಕು, ಬೇರು ಬಿಳಿಯಾಗಿರಬೇಕು. ಕಂದು ಬೇರು ಗುಂಡಿಯ ಗೋಡೆಗೆ ಸುರುಳಿ ಸುತ್ತಿದ್ದರೆ ಹೊತ್ತು ಮೀರಿದೆ. ಅಂಥದು ಗಡ್ಡೆ ಕಟ್ಟುವ ಮೊದಲೇ ದಂಟು ಎತ್ತುವ ಸಂಭವ ಹೆಚ್ಚು. ಕೊನೆಯ ಐದಾರು ದಿನ ಸಸಿಯನ್ನು ಗಟ್ಟಿ ಮಾಡಲೆಂದು ನೀರನ್ನೇ ನಿಲ್ಲಿಸಿ ಬಾಡಿಸುವುದೂ ಬೇಡ. ನೀರಿನ ನಡುವಿನ ಅಂತರ ಹಿಗ್ಗಿಸಿ, ದಿನಕ್ಕೊಂದಿಷ್ಟು ಹೆಚ್ಚು ಬಿಸಿಲು ತೋರಿಸಿದರೆ ಸಾಕು.

ನೆಡುವ ದಿನ ಟೊಮೇಟೊ ಮತ್ತೊಮ್ಮೆ ದಾರಿ ತಪ್ಪಿಸುತ್ತದೆ. ಟೊಮೇಟೊ ಕಾಂಡವನ್ನು ಆಳಕ್ಕೆ ಹೂತರೆ ಅಲ್ಲೆಲ್ಲ ಬೇರು ಒಡೆದು ಗಿಡಕ್ಕೆ ಬಲ ಬರುತ್ತದೆ. ಲೆಟ್ಯೂಸ್‌ನ ಎಲ್ಲ ಎಲೆಯೂ ಹೊರಡುವುದು ನೆಲಕ್ಕಂಟಿದ ಒಂದೇ ಸುಳಿಯಿಂದ. ಅದರೊಳಗೆ ಮಣ್ಣು ಬಿದ್ದರೆ ತಳದ ಎಲೆಗಳು ಕೊಳೆಯುತ್ತವೆ, ಗಡ್ಡೆಕಟ್ಟುವ ತಳಿಗಳಂತೂ ಸೊಟ್ಟಗಾಗುತ್ತವೆ. ಮುದ್ದೆಯ ಮೇಲ್ಭಾಗ ಮಡಿಯ ಮಣ್ಣಿಗೆ ಸರಿಸಮನಾಗಿ ನಿಲ್ಲಬೇಕು. ಮುಂದಿನ ನವೆಂಬರಿನಲ್ಲಿ ಪಕ್ಕದವರು ಮತ್ತೆ ನಾಟಿ ಹಾಕಿದಾಗ, ಕೆಲಸಕ್ಕೆ ಬಂದಿದ್ದ ಅಕ್ಕಂದಿರಿಗೆ ಅವರೇ ಮೊದಲ ಸಾಲು ನೆಟ್ಟು ತೋರಿಸಿದರು. ಸಂಜೆಯ ಇಳಿಬಿಸಿಲಿನಲ್ಲಿ, ಹೆಬ್ಬೆರಳಿನಿಂದ ಸುಳಿಯ ಸುತ್ತಲ ಮಣ್ಣನ್ನು ಆಚೆ ಸರಿಸುತ್ತ, "ಇಷ್ಟೇ ಕಣಮ್ಮ, ಇದಕ್ಕಿಂತ ಕೆಳಗೆ ಬೇಡ" ಎನ್ನುತ್ತಿದ್ದರು.