ಪ್ಲಗ್ ಯಾಕೆ ಕಪ್ಪಾಗುತ್ತೆ, ಓವನ್ ಯಾಕೆ ಕಾಯಲ್ಲ? ಅಂಗಡಿಯವರಿಗೂ ಗೊತ್ತಿರಲಿ ವೋಲ್ಟ್-ಆಂಪ್ಸ್ ಲೆಕ್ಕ

ಪೀಣ್ಯ: ಪೀಣ್ಯ ಎರಡನೇ ಹಂತ, ಲಗ್ಗೆರೆ, ದಾಸರಹಳ್ಳಿ ಕಡೆ ಯಾವ ಅಂಗಡಿಗೆ ಹೋದರೂ ಮೂಲೆಯಲ್ಲಿ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ನೇತಾಡ್ತಿರುತ್ತೆ. ಫ್ರಿಜ್ಜು, ಫ್ಯಾನು, ಬಿಲ್ಲಿಂಗ್ ಕಂಪ್ಯೂಟರ್, ಓವನ್ ಎಲ್ಲ ಅದಕ್ಕೇ. ಒಂದಿನ ಸುಟ್ಟ ವಾಸನೆ ಬರುತ್ತೆ, ನೋಡಿದ್ರೆ ಪ್ಲಗ್ ಕಪ್ಪು. "ಡೂಪ್ಲಿಕೇಟ್ ಮಾಲು" ಅಂತ ಬೈದು ಹೊಸದು ಹಾಕಿಸ್ತೀವಿ. ಸ್ವಲ್ಪ ದಿನಕ್ಕೆ ಅದೂ ಕಪ್ಪು. ಮಾಲು ಕಳಪೆ ಇರಬಹುದು, ಆದ್ರೆ ಬಹಳ ಸಲ ಎಡವಟ್ಟಾಗೋದು ಲೆಕ್ಕದಲ್ಲಿ. ಆ ಲೆಕ್ಕ ಹೈಸ್ಕೂಲ್ ಪಾಠದ್ದೇ.

ವೋಲ್ಟೇಜ್ ಅಂದ್ರೆ ಕರೆಂಟನ್ನ ತಳ್ಳೋ ಒತ್ತಡ. ಆಂಪ್ಸ್ ಅಂದ್ರೆ ಎಷ್ಟು ಹರೀತಿದೆ ಅನ್ನೋದು. ಹರಿಯೋದಕ್ಕೆ ಬರೋ ಅಡ್ಡಿ ರೆಸಿಸ್ಟೆನ್ಸ್, ಅದರ ಅಳತೆ ಓಮ್. ವೋಲ್ಟನ್ನ ಆಂಪ್ಸ್‌ನಿಂದ ಭಾಗಿಸಿದ್ರೆ ರೆಸಿಸ್ಟೆನ್ಸ್ ಸಿಗುತ್ತೆ. ಎರಡನ್ನೂ ಗುಣಿಸಿದ್ರೆ ಪವರ್, ಅಂದ್ರೆ ವ್ಯಾಟ್. ಇಷ್ಟೇ.

ಬೇಕರಿಯ ಓವನ್ನೇ ತಗೊಳ್ಳಿ. ಹಿಂದಿನ ಪ್ಲೇಟಿನಲ್ಲಿ 230 ವೋಲ್ಟ್, 2000 ವ್ಯಾಟ್ ಅಂತ ಇದೆ ಅಂದುಕೊಳ್ಳಿ. 2000ನ್ನು 230ರಿಂದ ಭಾಗಿಸಿ, 8.7 ಆಂಪ್ಸ್. ಸಣ್ಣ ಪಿನ್ನಿನ ಸಾಕೆಟ್ ಇರೋದು 6 ಆಂಪ್ಸಿಗೆ. ಕನ್ವರ್ಷನ್ ಪ್ಲಗ್ ಸಿಕ್ಕಿಸಿ ಅದಕ್ಕೇ ಹಾಕಿದ್ರೆ ಕರಗದೆ ಇನ್ನೇನಾಗುತ್ತೆ? ಇದಕ್ಕೆ ದಪ್ಪ ಪಿನ್ನಿನ 16 ಆಂಪ್ಸ್ ಸಾಕೆಟ್ಟೇ ಬೇಕು.

ಇದೇ ಓವನ್ನಿನ ರೆಸಿಸ್ಟೆನ್ಸ್ 230 ಭಾಗಿಸು 8.7, ಸುಮಾರು 26.4 ಓಮ್. ಸಂಜೆ ಎಲ್ಲರೂ ಲೋಡ್ ಹಾಕಿದಾಗ ವೋಲ್ಟೇಜ್ 190ಕ್ಕೆ ಇಳೀತು ಅನ್ನಿ. ಓವನ್ ಅದೇ, ಓಮ್ ಹೆಚ್ಚುಕಮ್ಮಿ ಅದೇ. ಆಗ ಹರಿಯೋದು 7.2 ಆಂಪ್ಸ್, ಪವರ್ ಸುಮಾರು 1370 ವ್ಯಾಟ್. ವೋಲ್ಟೇಜ್ ಇಳಿದಿದ್ದು ನೂರಕ್ಕೆ 17, ಕಾವು ಇಳಿದಿದ್ದು ನೂರಕ್ಕೆ 30ಕ್ಕೂ ಮೇಲೆ! ಒತ್ತಡ ಕಮ್ಮಿಯಾದಾಗ ಹರಿವೂ ಕಮ್ಮಿಯಾಗುತ್ತೆ, ಅದಕ್ಕೇ ಎರಡೇಟು. ಪಫ್ ಬೇಯೋಕೆ ಯಾಕೆ ಇಷ್ಟು ಹೊತ್ತು ಅಂತ ಹುಡುಗನ್ನ ಬೈಯೋ ಮುಂಚೆ ವೋಲ್ಟ್ ಮೀಟರ್ ನೋಡಿ.

ಮೋಟಾರಿಗೆ ಮಾತ್ರ ಇದು ಉಲ್ಟಾ. ಲೇತ್, ಗ್ರೈಂಡರ್, ಕಂಪ್ರೆಸರ್ ಇರೋರಿಗೆ ಅನುಭವ ಇರುತ್ತೆ. ಲೋಡ್ ಮೇಲಿರೋ ಮೋಟಾರ್ ಅಷ್ಟೇ ಕೆಲಸ ಮಾಡ್ಬೇಕಲ್ಲ, ವೋಲ್ಟೇಜ್ ಇಳಿದ್ರೆ ಆಂಪ್ಸ್ ಜಾಸ್ತಿ ಎಳೆಯುತ್ತೆ, ಕಾಯಿಲ್ ಕಾಯುತ್ತೆ, ಕೊನೆಗೆ ರೀವೈಂಡಿಂಗ್ ಅಂಗಡಿಗೆ ವ್ಯಾಪಾರ. ಇನ್ನೊಂದು, ಮೋಟಾರಲ್ಲಿ ವೋಲ್ಟ್, ಆಂಪ್ಸ್ ಗುಣಿಸಿದಷ್ಟೂ ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರಿಂದಲೂ ಗುಣಿಸಬೇಕು. 230 ವೋಲ್ಟಲ್ಲಿ 6 ಆಂಪ್ಸ್ ಎಳೆಯೋ ಸಿಂಗಲ್ ಫೇಸ್ ಮೋಟಾರಿನ ಪವರ್ ಫ್ಯಾಕ್ಟರ್ 0.8 ಇದ್ರೆ 1380 ಅಲ್ಲ, 1104 ವ್ಯಾಟ್. ತ್ರೀ ಫೇಸ್ ಇದ್ರೆ ಫೇಸ್‌ಗಳ ನಡುವಿನ ವೋಲ್ಟೇಜ್ ತಗೊಂಡು 1.732ರಿಂದಲೂ ಗುಣಿಸಬೇಕು.

ಈಗ ಪ್ಲಗ್ ವಿಷಯಕ್ಕೆ ವಾಪಸ್. ವೈರಿಗೂ ರೆಸಿಸ್ಟೆನ್ಸ್ ಇರುತ್ತೆ. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು ಬೋರ್ಡಿಂದ 20 ಮೀಟರ್ ಎಳೆದ್ರೆ, ಹೋಗೋದು ಬರೋದು ಸೇರಿ 40 ಮೀಟರಿಗೆ ಸುಮಾರು ಅರ್ಧ ಓಮ್. ಕಾವಿನ ಲೆಕ್ಕ ಆಂಪ್ಸ್ ಗುಣಿಸು ಆಂಪ್ಸ್ ಗುಣಿಸು ಓಮ್. ಅಂದ್ರೆ 8.7 ಆಂಪ್ಸಿಗೆ ಸುಮಾರು 38 ವ್ಯಾಟ್. 40 ಮೀಟರಿಗೆ ಹರಡಿದ್ರೆ ಕೈಗೂ ಅಷ್ಟಾಗಿ ಗೊತ್ತಾಗಲ್ಲ. ಅದೇ ಅರ್ಧ ಓಮ್ ಒಂದು ಸಡಿಲ ಸ್ಕ್ರೂ ಹತ್ರ, ಪಿನ್ನಿನ ತುದಿಯಲ್ಲಿ ಕೂತ್ರೆ? ಎಸ್.ಪಿ. ರೋಡಲ್ಲಿ ಸಿಗೋ ಸಾಲ್ಡರಿಂಗ್ ಐರನ್ ಎಷ್ಟೋ ಇರೋದೇ 25 ವ್ಯಾಟ್. ಅದಕ್ಕಿಂತ ಜಾಸ್ತಿ ಕಾವು ನಿಮ್ಮ ಪ್ಲಗ್ ಒಳಗೆ, ಪಕ್ಕದಲ್ಲೇ ರಟ್ಟಿನ ಡಬ್ಬ, ಎಣ್ಣೆ ಕವರು. ಹೊಸ ಪ್ಲಗ್ ಹಾಕಿ ಸಾಕೆಟ್ಟಿನ ಸಡಿಲ ಹಾಗೇ ಬಿಟ್ರೆ ಏನೂ ಉಪಯೋಗ ಇಲ್ಲ. ಆಂಪ್ಸ್ ಎರಡರಷ್ಟಾದ್ರೆ ಕಾವು ನಾಲ್ಕರಷ್ಟು, ಇದು ನೆನಪಿರಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಒಯ್ದಾಗ ವೋಲ್ಟೇಜನ್ನ ಸಾವಿರಾರಕ್ಕೆ ಏರಿಸಿದ್ದೂ ಇದಕ್ಕೇ. ವೋಲ್ಟ್ ಹೆಚ್ಚಿದ್ರೆ ಅದೇ ಪವರಿಗೆ ಆಂಪ್ಸ್ ಕಮ್ಮಿ ಸಾಕು, ದಾರೀಲಿ ಕಾವಾಗಿ ಹೋಗೋದೂ ಕಮ್ಮಿ.

ಬೆಸ್ಕಾಂ ಬಿಲ್ಲಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತೆ, ನಿಗದಿತ ಶುಲ್ಕ ಅದರ ಮೇಲೇ. 3 ಕಿಲೋವ್ಯಾಟ್ ಅಂದ್ರೆ ಸುಮಾರು 13 ಆಂಪ್ಸ್. 2000 ವ್ಯಾಟ್ ಓವನ್, 1500 ವ್ಯಾಟ್ ಇಂಡಕ್ಷನ್ ಒಟ್ಟಿಗೆ ಹಾಕಿದ್ರೆ ಅಲ್ಲಿಗೇ ಮೀರಿತು. ಗೃಹಜ್ಯೋತಿ ಮನೆಗೆ ಮಾತ್ರ, ಅಂಗಡಿ ಮೀಟರಿಗೆ ಇಲ್ಲ. ಹಾಗಾಗಿ ಲೋಡ್ ಸಾಲದಿದ್ರೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳೋದೇ ದಾರಿ.

ಅಳೆಯೋಕೆ ಎಲೆಕ್ಟ್ರಿಷಿಯನ್ ಹತ್ರ ಕ್ಲಾಂಪ್ ಮೀಟರ್ ಇರುತ್ತೆ, ಲೋಡ್ ಪೂರ್ತಿ ಆನ್ ಮಾಡಿ ತೋರಿಸೋಕೆ ಹೇಳಿ. ಫೇಸ್ ವೈರ್ ಒಂದನ್ನೇ ಹಿಡಿಯಬೇಕು. ಫೇಸು, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದ್ರೆ ಸೊನ್ನೆ ತೋರಿಸುತ್ತೆ. ಓಮ್ ನೋಡೋದಾದ್ರೆ ಮೇನ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ. ಬೀದಿಯಲ್ಲೇ ವೋಲ್ಟೇಜ್ ಬಿದ್ದಿದ್ರೆ ಬೆಸ್ಕಾಂ ಸಹಾಯವಾಣಿ 1912. ಕರೆ ಮಾಡೋವಾಗ ಎಷ್ಟು ಗಂಟೆಗೆ ಎಷ್ಟು ವೋಲ್ಟ್ ಇತ್ತು ಅಂತ ಬರೆದಿಟ್ಟುಕೊಂಡು ಹೇಳಿ.