ಬೀಜ ಸ್ವಾತಂತ್ರ್ಯ: ಪ್ರಭುತ್ವ, ಕಂಪನಿ ಮತ್ತು ರೈತ

ಉದಾರವಾದಿ ಚಿಂತನೆಯು ವ್ಯಕ್ತಿಸ್ವಾತಂತ್ರ್ಯವನ್ನು ಮುಖ್ಯವಾಗಿ ಪ್ರಭುತ್ವದ ಹಸ್ತಕ್ಷೇಪದಿಂದ ಪಡೆಯುವ ಬಿಡುಗಡೆ ಎಂದು ಗ್ರಹಿಸಿತು. ಬೃಹತ್ ಬಂಡವಾಳವೂ ವ್ಯಕ್ತಿಯನ್ನು ನಿರ್ಬಂಧಿಸಬಲ್ಲ ಶಕ್ತಿಯಾದಾಗ ಈ ಗ್ರಹಿಕೆ ಸಾಲದಾಗುತ್ತದೆ. ಬೀಜದ ಪ್ರಶ್ನೆ ಇದನ್ನು ಸ್ಪಷ್ಟಪಡಿಸುತ್ತದೆ.

ಬೆಳೆಯ ಒಂದು ಪಾಲನ್ನು ಬಿತ್ತನೆಗೆ ಉಳಿಸಿಕೊಳ್ಳುವುದು, ನೆರೆಯವರೊಡನೆ ಹಂಚಿಕೊಳ್ಳುವುದು ಬೇಸಾಯದ ರೂಢಿ. 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದವು ಸಸ್ಯತಳಿಗಳಿಗೂ ಬೌದ್ಧಿಕ ಸ್ವಾಮ್ಯದ ರಕ್ಷಣೆಯನ್ನು ಕಡ್ಡಾಯಗೊಳಿಸಿತು. ಇದಕ್ಕೆ ಮೊದಲೇ, ಡಂಕೆಲ್ ಪ್ರಸ್ತಾವದ ಕಾಲದಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘವು ಪ್ರತಿರೋಧ ಒಡ್ಡಿತ್ತು. 1992ರ ಡಿಸೆಂಬರ್‌ನಲ್ಲಿ ಕಾರ್ಗಿಲ್ ಬೀಜ ಕಂಪನಿಯ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟುದು ಅದರ ಭಾಗ.

2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ತಳಿ ರೂಪಿಸಿದವರಿಗೆ ಸ್ವಾಮ್ಯವನ್ನು ನೀಡಿತು. ಅದರ 39ನೆಯ ಪ್ರಕರಣವು ಸಂರಕ್ಷಿತ ತಳಿಯ ಬೀಜವನ್ನೂ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಉಳಿಸಿತು. ಬ್ರಾಂಡ್ ಹೆಸರಿನ ಬೀಜವಾಗಿ ಮಾರುವಂತಿಲ್ಲ ಎಂಬುದು ಇದರ ಮಿತಿ.

2019ರಲ್ಲಿ ಪೆಪ್ಸಿಕೋ ಕಂಪನಿಯು ತನ್ನ ನೋಂದಾಯಿತ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕ ಪರಿಹಾರ ಕೇಳಿತು. ವ್ಯಾಪಕ ವಿರೋಧದ ನಂತರ ಹಿಂಪಡೆಯಿತು. 2021ರಲ್ಲಿ ಪ್ರಾಧಿಕಾರವು ತಳಿಯ ನೋಂದಣಿಯನ್ನು ರದ್ದುಪಡಿಸಿತು. 2024ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ಆ ರದ್ದತಿಯನ್ನು ತಳ್ಳಿಹಾಕಿತು. ನೋಂದಣಿಯ ಸಿಂಧುತ್ವ ಬೇರೆ, 39ನೆಯ ಪ್ರಕರಣದ ಹಕ್ಕು ಬೇರೆ. ಆದರೆ ಕೋಟಿ ರೂಪಾಯಿಯ ದಾವೆಯ ಎದುರು ಸಣ್ಣ ರೈತ ಕಾಗದದ ಮೇಲಿನ ಹಕ್ಕನ್ನು ನ್ಯಾಯಾಲಯದಲ್ಲಿ ಸಾಧಿಸಬೇಕಾಗುತ್ತದೆ.

ಹೀಗೆ ಕಂಪನಿಯ ಸ್ವಾಮ್ಯ ಹುಟ್ಟುವುದೂ ರೈತನ ಸ್ವಾತಂತ್ರ್ಯ ಉಳಿಯುವುದೂ ಪ್ರಭುತ್ವದ ಕಾನೂನಿನಿಂದಲೇ. ಆದಕಾರಣ ಪ್ರತಿಯೊಂದು ನಿಯಂತ್ರಣವನ್ನೂ ಅದು ಯಾರ ಸ್ವಾತಂತ್ರ್ಯವನ್ನು ಕಾಯುತ್ತದೆ ಎಂಬ ನೆಲೆಯಿಂದ ಪರಿಶೀಲಿಸಬೇಕಾಗುತ್ತದೆ.